ಗೇಟಿನಿಂದ ಪೋರ್ಟಿಕೋವರೆಗೆ: ಕಾರು ಓಡಾಡುವ ನೆಲಕ್ಕೆ ಏನು ಹಾಕಿಸಬೇಕು?

ಮನೆ ಕಟ್ಟುವಾಗ ಒಳಗಿನ ಟೈಲ್ಸ್ ಆರಿಸೋಕೆ ನಾವು ನಾಲ್ಕಾರು ಅಂಗಡಿ ಸುತ್ತುತ್ತೇವೆ. ಗೇಟಿನಿಂದ ಪೋರ್ಟಿಕೋವರೆಗಿನ ಜಾಗ ಮಾತ್ರ ಕೊನೆಗೆ ಉಳಿದುಬಿಡುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಕರಗಿರುತ್ತದೆ, ಗೃಹಪ್ರವೇಶದ ದಿನ ಹತ್ತಿರ ಬಂದಿರುತ್ತದೆ. ಮೇಸ್ತ್ರಿ "ಎರಡು ದಿನದಲ್ಲಿ ಇಂಟರ್‌ಲಾಕ್ ಹಾಕಿ ಮುಗಿಸ್ತೀನಿ ಸಾರ್" ಅನ್ನುತ್ತಾರೆ, ನಾವು ಹೂಂ ಅನ್ನುತ್ತೇವೆ.

ತುಮಕೂರಿನ ನಮ್ಮ ಮನೆಯಲ್ಲೂ ಹೀಗೇ ಆಯಿತು. ಹೊಳಪಿನ ಸಿಮೆಂಟ್ ಬ್ಲಾಕು, ಕೆಂಪು ಹಳದಿ ಡಿಸೈನು, ನೋಡೋಕೆ ಬಹಳ ಚೆನ್ನಾಗಿತ್ತು. ಮೊದಲ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು, ಸಂಪು ತುಂಬಿಸೋಕೆ ನೀರಿನ ಟ್ಯಾಂಕರ್ ಹಿಮ್ಮುಖವಾಗಿ ಒಳಗೆ ಬಂತು. ಅದು ಹೋದ ಮೇಲೆ ನೋಡಿದರೆ ಚಕ್ರ ಹೋದ ಕಡೆ ಎರಡು ಉದ್ದ ತಗ್ಗು. ಜೂನ್ ಮಳೆಗೆ ಆ ಎರಡು ತಗ್ಗಿನಲ್ಲೂ ನೀರು ನಿಂತಿತು. ಒಂದು ಭಾನುವಾರ ಬೆಳಿಗ್ಗೆ ದಪ್ಪ ಸ್ಕ್ರೂಡ್ರೈವರ್ ತಗೊಂಡು ಸಂದಿಗೆ ಹಾಕಿ ಒಂದು ಬ್ಲಾಕನ್ನು ಮೀಟಿ ಎತ್ತಿದೆ. ಕೆಳಗೆ ಒಂದು ಇಂಚು ಕಲ್ಲಿನ ಪುಡಿ, ಅದರ ಕೆಳಗೆ ನೇರವಾಗಿ ಮಣ್ಣು. ಒದ್ದೆ ಮಣ್ಣು. ಬೆರಳು ಒತ್ತಿದರೆ ಗೆಣ್ಣಿನ ತನಕ ಒಳಗೆ ಹೋಯಿತು. ಒಂದು ಜಲ್ಲಿ ಕಲ್ಲೂ ಇರಲಿಲ್ಲ. ಪೂರ್ತಿ ಕಿತ್ತು ಮತ್ತೆ ಹಾಕಿಸಬೇಕಾಯಿತು. ಆ ಕೆಲಸ ಮಾಡಿಸುವಾಗ ಕಲಿತದ್ದು, ಆಮೇಲೆ ನೆಂಟರು ಸ್ನೇಹಿತರ ಮನೆಗಳಲ್ಲಿ ನಿಂತು ನೋಡಿ ತಿಳಿದದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೇಲೆ ಕಾಣುವ ಕಲ್ಲನ್ನು ಕೊನೆಗೆ ಆರಿಸಿ. ಅದಕ್ಕೆ ಮುಂಚೆ ನೋಡಬೇಕಾದ್ದು ಮಣ್ಣು, ನೀರು ಮತ್ತು ಭಾರ. ಈ ಮೂರು ಗೊತ್ತಾದರೆ ಕಲ್ಲು ಆರಿಸುವುದು ಅರ್ಧ ದಿನದ ಕೆಲಸ.

ಹಂತ 1: ಮಣ್ಣು ನೋಡಿ

ಕಾರು ಬರುವ ಜಾಗದ ಮಧ್ಯದಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿಸಿ. ಗುದ್ದಲಿ ಹಾಕಿದರೆ ಹತ್ತು ನಿಮಿಷ. ಅದಕ್ಕೆ ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಎರಡನೇ ಸಲದ ನೀರು ನಾಲ್ಕಾರು ಗಂಟೆಯಲ್ಲಿ ಇಂಗಿದರೆ ನಿಮ್ಮ ಮಣ್ಣು ಒಳ್ಳೆಯದು, ಏನು ಹಾಕಿದರೂ ನಡೆಯುತ್ತದೆ. ಮಾರನೇ ದಿನ ಬೆಳಿಗ್ಗೆಯೂ ನೀರು ಹಾಗೇ ಇದ್ದರೆ ಅದು ಜೇಡಿ. ಅಲ್ಲಿ ಕೆಳಗಿನ ಜಲ್ಲಿ ಹಾಸು ದಪ್ಪ ಇರಬೇಕು, ನೀರು ಹೊರಗೆ ಹೋಗೋಕೆ ಬೇರೆ ದಾರಿಯೂ ಬೇಕು.

ಬೆಂಗಳೂರು, ತುಮಕೂರು, ಕೋಲಾರದ ಕಡೆಯ ಕೆಂಪು ಮಣ್ಣು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಕಥೆ ಬೇರೆ. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಎರಡೇ ವರ್ಷದಲ್ಲಿ ಸೀಳುತ್ತದೆ, ಎಷ್ಟು ಸಿಮೆಂಟ್ ಹಾಕಿದ್ದರೂ ಅಷ್ಟೇ. ಅಲ್ಲಿ ಕನಿಷ್ಠ ಒಂದರಿಂದ ಎರಡು ಅಡಿ ಎರೆಮಣ್ಣು ತೆಗೆಸಿ, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸಿ, ನೀರು ಹಾಕಿ, ಪದರ ಪದರವಾಗಿ ದಿಮ್ಮಸು ಹೊಡೆಸಬೇಕು. ಒಂದು ಪದರ ಆರು ಇಂಚಿಗಿಂತ ಜಾಸ್ತಿ ಬೇಡ. ಎರಡು ಅಡಿ ಒಂದೇ ಸಲ ಸುರಿದು ಮೇಲೆ ಮಾತ್ರ ಕುಟ್ಟಿದರೆ ಕೆಳಗಿನದು ಸಡಿಲವಾಗೇ ಉಳಿಯುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಮನೆಯ ಪಾಯದ ಪಕ್ಕ, ಸಂಪಿನ ಸುತ್ತ, ಪೈಪ್ ಹಾಕಿದ ಕಡೆ ಇರುವುದು ತುಂಬಿಸಿದ ಮಣ್ಣು. ಹೊಸ ಮನೆಯಲ್ಲಿ ಅದು ಒಂದು ಮಳೆಗಾಲ ಕಳೆಯುವವರೆಗೂ ಕುಸಿಯುತ್ತಲೇ ಇರುತ್ತದೆ. ಸಾಧ್ಯವಾದರೆ ಒಂದು ಮಳೆಗಾಲ ಬಿಟ್ಟು ಹಾಕಿಸಿ. ಅಷ್ಟು ದಿನ ಬರೀ ಜಲ್ಲಿ ಹರಡಿ ಕಾರು ಓಡಿಸಿದರೆ ಏನೂ ನಷ್ಟ ಇಲ್ಲ, ಆ ಜಲ್ಲಿ ಮುಂದೆ ಕೆಳಗಿನ ಪದರಕ್ಕೇ ಬರುತ್ತದೆ.

ಹಂತ 2: ನೀರು ಎತ್ತ ಹೋಗುತ್ತದೆ

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 40 ಅಡಿ ಉದ್ದ, 10 ಅಡಿ ಅಗಲದ ದಾರಿ ಅಂದರೆ 400 ಚದರ ಅಡಿ, ಹತ್ತಿರ ಹತ್ತಿರ 37 ಚದರ ಮೀಟರ್. ಒಂದು ಜೋರು ಮಳೆಗೆ 50 ಮಿ.ಮೀ. ಬಿದ್ದರೆ 1,850 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೆ ನಾಲ್ಕು ಜನರ ಮನೆಗೆ ಮೂರು ದಿನ ಸಾಲುವಷ್ಟು ನೀರು ಅದು. ನೆಲ ಪೂರ್ತಿ ಮುಚ್ಚಿಬಿಟ್ಟರೆ ಅಷ್ಟೂ ನೀರು ರಸ್ತೆಗೆ ಹೋಗುತ್ತದೆ. ರಸ್ತೆ ನಿಮ್ಮ ಗೇಟಿಗಿಂತ ಎತ್ತರ ಇದ್ದರೆ ಅಂಗಳದಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟುವ 30×40 ಅಡಿ ಸೈಟಿನ ಮನೆಗೂ, ಹಳೆಯ 40×60 ಸೈಟಿನ ಮನೆಗೂ ಮಳೆ ನೀರು ಕೊಯ್ಲು ಕಡ್ಡಾಯ ಅಂತ ಜಲಮಂಡಳಿಯ ಕಾನೂನಿಗೆ 2009ರಲ್ಲೇ ತಿದ್ದುಪಡಿ ಬಂದಿದೆ. ಚಾವಣಿಯ ನೀರಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಅಂಗಳದ ನೀರಿನ ಬಗ್ಗೆ ಯೋಚಿಸುವವರು ಕಡಿಮೆ.

ಇಳಿಜಾರಿಗೆ ನಮ್ಮ ಮೇಸ್ತ್ರಿಗಳು ವಾಟ ಅನ್ನುತ್ತಾರೆ. ಹತ್ತು ಅಡಿಗೆ ಕನಿಷ್ಠ ಒಂದೂವರೆ ಇಂಚು ವಾಟ ಇರಲಿ, ಎರಡು ಇಂಚು ಇದ್ದರೆ ಇನ್ನೂ ಒಳ್ಳೆಯದು. ಅದು ಯಾವಾಗಲೂ ಮನೆಯ ಗೋಡೆಯಿಂದ ಹೊರಗೆ ಇರಬೇಕು. ಗೋಡೆ ಕಡೆ ವಾಟ ಬಂದರೆ ಪಾಯ ಸದಾ ಒದ್ದೆಯಾಗಿ ಒಳಗಿನ ಗೋಡೆಯ ಬುಡದಲ್ಲಿ ಬಣ್ಣ ಉಬ್ಬುತ್ತದೆ. ಗೇಟಿನ ಹತ್ತಿರ ಅಡ್ಡಕ್ಕೆ ಒಂದು ಕಿರು ಚರಂಡಿ ಮಾಡಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಆ ನೀರನ್ನು ಪಕ್ಕದ ಇಂಗುಗುಂಡಿಗೆ ತಿರುಗಿಸಿದರೆ ನೀರು ನಿಮ್ಮ ಸೈಟಿನಲ್ಲೇ ಉಳಿಯುತ್ತದೆ.

ಗೇಟಿನ ಹೊರಗಿನ ರ‍್ಯಾಂಪ್ ಬಗ್ಗೆಯೂ ಒಂದು ಮಾತು. ಒಂದು ಅಡಿ ಎತ್ತರಕ್ಕೆ ಎಂಟು ಅಡಿ ಉದ್ದವಾದರೂ ಬೇಕು. ಸಣ್ಣ ಕಾರಿನ ಹೊಟ್ಟೆಗೂ ನೆಲಕ್ಕೂ ಸುಮಾರು ಆರೂವರೆ ಇಂಚು ಜಾಗ ಅಷ್ಟೇ, ಅದಕ್ಕಿಂತ ಕಡಿದಾದರೆ ತಳ ಉಜ್ಜುತ್ತದೆ. ಜಾಗ ಸಾಲದಿದ್ದರೆ ರ‍್ಯಾಂಪನ್ನು ಕಾಂಪೌಂಡಿನ ಒಳಗೆ ತಗೊಳ್ಳಿ. ಹೊರಗಿನ ಚರಂಡಿ, ಫುಟ್‌ಪಾತ್ ಮೇಲೆ ಕಟ್ಟಬೇಡಿ. ಅಲ್ಲಿ ನಡೆಯುವವರು ರಸ್ತೆಗೆ ಇಳಿಯಬೇಕಾಗುತ್ತದೆ, ಚರಂಡಿ ಕಟ್ಟಿಕೊಂಡರೆ ನೀರು ಬರುವುದೂ ನಿಮ್ಮ ಮನೆಗೇ. ನಗರಸಭೆಯವರು ಒಡೆದರೆ ಕೇಳುವ ಹಾಗೂ ಇಲ್ಲ.

ಹಂತ 3: ಮೇಲೆ ಏನು ಓಡಾಡುತ್ತದೆ, ಕೆಳಗೆ ಏನಿದೆ

ನಮ್ಮದು ಸಣ್ಣ ಕಾರು, ಇಷ್ಟು ಸಾಕು ಅಂತ ಅಂದುಕೊಳ್ಳುವುದು ಸಹಜ. ಸಣ್ಣ ಕಾರು ಒಂದು ಟನ್ನಿನ ಆಸುಪಾಸು. ಆದರೆ 6,000 ಲೀಟರ್ ಟ್ಯಾಂಕರ್ ಬಂದರೆ ನೀರಿನ ತೂಕವೇ ಆರು ಟನ್, ಗಾಡಿ ತೂಕ ಬೇರೆ. ಮರಳು ಲೋಡು, ಬೋರ್‌ವೆಲ್ ಲಾರಿ, ಹಳ್ಳಿಯಾದರೆ ಟ್ರ್ಯಾಕ್ಟರ್, ಇವು ನಿಮ್ಮ ಅಂಗಳಕ್ಕೆ ಬರುತ್ತವೆಯೋ ಇಲ್ಲವೋ ಈಗಲೇ ಯೋಚಿಸಿ.

ಆಮೇಲೆ ಸಂಪು. ಬಹಳ ಮನೆಗಳಲ್ಲಿ ಸಂಪು ಇರುವುದೇ ಕಾರು ನಿಲ್ಲುವ ಜಾಗದ ಕೆಳಗೆ. ಅದರ ಮೇಲಿನ ಸ್ಲ್ಯಾಬ್ ಕಾರಿನ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿದ್ದಾ ಅಂತ ಎಂಜಿನಿಯರ್ ಹತ್ತಿರ ಕೇಳಿ ಖಚಿತಪಡಿಸಿಕೊಳ್ಳಿ. ಇದನ್ನು ಮುಂದಕ್ಕೆ ಹಾಕಬೇಡಿ, ಜನರ ಜೀವದ ಪ್ರಶ್ನೆ ಇದು. ಸಂಪಿನ ಮತ್ತು ಚೇಂಬರಿನ ಮುಚ್ಚಳಕ್ಕೂ ದರ್ಜೆ ಇದೆ, ಮುಚ್ಚಳದ ಮೇಲೇ ಬರೆದಿರುತ್ತದೆ. ಎಲ್‌ಡಿ 2.5 ಅಂದರೆ ಎರಡೂವರೆ ಟನ್ ದರ್ಜೆ, ಅದು ಜನ ಓಡಾಡುವ ಕಡೆಗೆ. ಎಂಡಿ 10 ಅಂದರೆ ಹತ್ತು ಟನ್. ಚಕ್ರ ಹೋಗುವ ದಾರಿಯಲ್ಲಿ ಎಂಡಿಗಿಂತ ಕಡಿಮೆ ಹಾಕಿಸಬೇಡಿ.

ನೆಲ ಮುಚ್ಚುವ ಮುಂಚೆ ಅಡ್ಡಕ್ಕೆ ಎರಡು ಖಾಲಿ ಪಿವಿಸಿ ಪೈಪ್ ಹೂತಿಡಿ, ನಾಲ್ಕು ಇಂಚಿನದು. ನಾಳೆ ಗೇಟಿಗೆ ದೀಪ, ಕ್ಯಾಮೆರಾ, ಮೋಟರ್, ಕಾರ್ ಚಾರ್ಜರ್ ಅಂತ ವೈರ್ ಎಳೆಯುವಾಗ ನೆಲ ಒಡೆಯಬೇಕಿಲ್ಲ. ಮುಚ್ಚುವ ಮುಂಚೆ ಎಲ್ಲ ಪೈಪಿನದೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಪಕ್ಕದಲ್ಲಿ ಟೇಪು ಹಿಡಿದು, ಗೋಡೆಯಿಂದ ಎಷ್ಟು ಅಡಿ ಅಂತ ಕಾಣುವ ಹಾಗೆ.

ಹಂತ 4: ಈಗ ಕಲ್ಲು ಆರಿಸಿ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ನೆಲ ಅಗೆಯುವ ಕೆಲಸ ಮುಗಿಯುವುದೇ ಇಲ್ಲ. ಇವತ್ತು ಒಳಚರಂಡಿ, ನಾಳೆ ಹೊಸ ನೀರಿನ ಲೈನು, ನಾಡಿದ್ದು ಗ್ಯಾಸ್ ಪೈಪು. ಹಾಗಾಗಿ ಬಿಚ್ಚಿ ಮತ್ತೆ ಜೋಡಿಸಬಹುದಾದ ನೆಲವೇ ಹೆಚ್ಚಿನ ಮನೆಗಳಿಗೆ ಸರಿ. ಅಂದರೆ ಸಿಮೆಂಟ್ ಬ್ಲಾಕು, ಇಲ್ಲವೇ ದಪ್ಪ ಚಪ್ಪಡಿ ಕಲ್ಲು. ಕಾಂಕ್ರೀಟ್ ಬೇಕಾಗುವ ಮನೆಗಳೂ ಇವೆ, ಅದನ್ನೂ ಹೇಳುತ್ತೇನೆ.

ಪೇವರ್ ಬ್ಲಾಕ್, ನಮ್ಮ ಮಾತಲ್ಲಿ ಇಂಟರ್‌ಲಾಕ್. ಇದಕ್ಕೆ ಭಾರತೀಯ ಮಾನಕ ಐಎಸ್ 15658 ಇದೆ. 2006ರಲ್ಲಿ ಬಂದ ಆ ಮಾನಕದ ಮೊದಲ ಆವೃತ್ತಿಯ ಪ್ರಕಾರ ಬರೀ ನಡೆದಾಡುವ ಕಡೆಗೆ 50 ಮಿ.ಮೀ. ದಪ್ಪ, ಎಂ30 ದರ್ಜೆ (ಎಂ ಪಕ್ಕದ ಅಂಕಿ ದೊಡ್ಡದಾದಷ್ಟು ಕಾಂಕ್ರೀಟ್ ಗಟ್ಟಿ). ಹಗುರ ವಾಹನಕ್ಕೆ 60 ಮಿ.ಮೀ., ಎಂ35. ಅದಕ್ಕಿಂತ ಭಾರದ ಓಡಾಟಕ್ಕೆ 80 ಮಿ.ಮೀ., ಎಂ40. ಮನೆಗೆ 60 ಸಾಕು. ಟ್ಯಾಂಕರ್, ಟ್ರ್ಯಾಕ್ಟರ್ ಬರುವುದಾದರೆ 80 ತಗೊಳ್ಳಿ. ಹೊಳಪಿನ ಬ್ಲಾಕು ಬೇಡವೇ ಬೇಡ. ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ ಆ ಬ್ಲಾಕು ಅಂಗಡಿಯಲ್ಲಿ ಕನ್ನಡಿ ಥರ ಮಿನುಗುತ್ತದೆ, ಮೊದಲ ಮಳೆಗೆ ಜಾರುತ್ತದೆ. ನಮ್ಮ ಅಪ್ಪ ಹಾಲಿನ ಪ್ಯಾಕೆಟ್ ತರೋಕೆ ಹೋಗಿ ಅದರ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ವಯಸ್ಸಾದವರು ಇರುವ ಮನೆಯಲ್ಲಿ ಒರಟು ಮೇಲ್ಮೈ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಯಂತ್ರದಲ್ಲಿ ಒತ್ತಿ ಮಾಡಿದ, ಸ್ವಲ್ಪ ಮರಳು ಮರಳಾದ ಬ್ಲಾಕು ಕೇಳಿ.

ಗ್ರಾನೈಟ್ ಚಪ್ಪಡಿ. ಬೆಂಗಳೂರು ಸುತ್ತಮುತ್ತ ಇದ್ದರೆ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಸಿಗುತ್ತದೆ, ಬೂದು ಬಣ್ಣ. ಎರಡು ಇಂಚು ದಪ್ಪದ್ದು, ಮೇಲ್ಮೈಗೆ ಬೆಂಕಿ ತೋರಿಸಿ ಒರಟು ಮಾಡಿದ್ದು ತಗೊಂಡರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಬಾಗಲಕೋಟೆ, ಕೊಪ್ಪಳದ ಕಡೆಯವರಿಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹತ್ತಿರ. ಕಲ್ಲನ್ನು ದೂರದಿಂದ ತರಿಸಬೇಡಿ, ಸಾಗಾಣಿಕೆ ಖರ್ಚೇ ಜಾಸ್ತಿ ಆಗುತ್ತದೆ, ಆಮೇಲೆ ಒಂದು ಒಡೆದರೆ ಅದೇ ಬಣ್ಣದ್ದು ಸಿಗುವುದೂ ಕಷ್ಟ. ಪಾಲಿಶ್ ಮಾಡಿದ ಗ್ರಾನೈಟ್ ಮನೆ ಒಳಗೆ ಮಾತ್ರ. ನಾಲ್ಕು ಇಂಚಿನ ಚೌಕ ಕಲ್ಲುಗಳು, ಕಾಬಲ್ ಅನ್ನುತ್ತಾರಲ್ಲ, ಅವು ಕಡಿದಾದ ರ‍್ಯಾಂಪಿಗೆ ಬಹಳ ಒಳ್ಳೆಯವು, ಟೈರು ಹಿಡಿದು ಹತ್ತುತ್ತದೆ. ಆದರೆ ಗಾಲಿಕುರ್ಚಿಗೂ ಮಕ್ಕಳ ಸೈಕಲ್ಲಿಗೂ ಕುಲುಕು.

ಶಹಾಬಾದ್ ಕಲ್ಲು ಮತ್ತು ಕಡಪ ಕಲ್ಲು. ಎರಡೂ ಸುಣ್ಣದ ಕಲ್ಲು. ಕಲಬುರಗಿ ಕಡೆ ಶಹಾಬಾದ್ ಮನೆ ಮನೆಯ ಕಲ್ಲು, ಸುಲಭಕ್ಕೆ ಸಿಗುತ್ತದೆ, ತಿಳಿ ಬಣ್ಣದ್ದಾದ್ದರಿಂದ ಕಡಪದಷ್ಟು ಕಾಯುವುದೂ ಇಲ್ಲ. ಆದರೆ ಒಂದು ಇಂಚಿನ ತೆಳು ಹಲಗೆಯನ್ನು ಮಣ್ಣಿನ ಮೇಲೆ ಹಾಸಿ ಕಾರು ಹತ್ತಿಸಿದರೆ ಒಡೆಯುತ್ತದೆ. ಕೆಳಗೆ ನಾಲ್ಕು ಇಂಚು ಕಾಂಕ್ರೀಟ್ ಬೇಕೇ ಬೇಕು. ಆಸಿಡ್ ಹಾಕಿ ತೊಳೆಯಬೇಡಿ, ಸುಣ್ಣದ ಕಲ್ಲನ್ನು ಆಸಿಡ್ ತಿಂದುಬಿಡುತ್ತದೆ, ನಿಂಬೆಹಣ್ಣಿನ ರಸ ಬಿದ್ದರೂ ಮಚ್ಚೆ ಉಳಿಯುತ್ತದೆ. ಕಡಪ ಕಪ್ಪು, 40 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕೆ ಆಗುವುದಿಲ್ಲ.

ಕಾಂಕ್ರೀಟ್. ಮಲೆನಾಡು, ಕೊಡಗಿನ ಮನೆಗಳಿಗೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ಅಂಗಳ ಅಂದರೆ ಕಾರಿನ ಜಾಗ ಮಾತ್ರ ಅಲ್ಲ, ಅಡಿಕೆ, ಕಾಫಿ, ಮೆಣಸು ಒಣಗಿಸುವ ಕಣವೂ ಅದೇ. ಸಂದಿಯಿಲ್ಲದ ಸಪಾಟು ನೆಲ ಬೇಕು, ಗುಡಿಸಿ ಬಾಚಿಕೊಳ್ಳೋಕೆ ಬರಬೇಕು. ಕಾರು ಬರುವ ಕಡೆ ನಾಲ್ಕರಿಂದ ಐದು ಇಂಚು ದಪ್ಪ, ಎಂ20 ಅಂದರೆ ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. 400 ಚದರ ಅಡಿಗೆ ನಾಲ್ಕು ಇಂಚಿನಂತೆ ಸುಮಾರು 30 ಮೂಟೆ ಸಿಮೆಂಟ್ ಬೇಕು. ಮೇಸ್ತ್ರಿ 18 ಮೂಟೆಯಲ್ಲಿ ಮುಗಿಸುತ್ತೇನೆ ಅಂದರೆ ಎಲ್ಲಿ ಕಡಿಮೆ ಆಯಿತು ಅಂತ ಕೇಳಿ. ಹಾಗೇ ಪ್ರತಿ ಎಂಟು ಹತ್ತು ಅಡಿಗೆ ಒಂದು ಗೀಟು ಕಟ್ ಮಾಡಿಸಲೇಬೇಕು, ದಪ್ಪದ ಕಾಲು ಭಾಗ ಆಳಕ್ಕೆ, ಹಾಕಿದ ಒಂದು ದಿನದೊಳಗೆ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಬಿರುಕು ಬಿಟ್ಟೇ ಬಿಡುತ್ತದೆ. ನೀವು ಗೀಟು ಹಾಕಿದ್ದರೆ ಅಲ್ಲೇ ಬಿಡುತ್ತದೆ, ಹಾಕದಿದ್ದರೆ ಕಂಡ ಕಂಡಲ್ಲಿ ಬಿಡುತ್ತದೆ. ಮೇಲ್ಮೈಯನ್ನು ಕರಣೆಯಿಂದ ನುಣ್ಣಗೆ ಮಾಡಿಸಬೇಡಿ, ಅರ್ಧ ಒಣಗಿದಾಗ ಕಡ್ಡಿ ಪೊರಕೆಯಿಂದ ಅಡ್ಡಕ್ಕೆ ಎಳೆಸಿ. ಕಣದ ಭಾಗ ಮಾತ್ರ ನುಣ್ಣಗಿರಲಿ.

ಕ್ಯೂರಿಂಗ್ ಕನಿಷ್ಠ ಹತ್ತು ದಿನ. ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಗೋಣಿಚೀಲ ಹಾಸಿ ಒದ್ದೆ ಇಡಿ. ಕಾರನ್ನು ಒಂದು ತಿಂಗಳು ಹೊರಗೇ ನಿಲ್ಲಿಸಿದರೆ ಒಳ್ಳೆಯದು.

ಕರಾವಳಿಯವರು ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಹಾಸಬಹುದಾ ಅಂತ ಕೇಳುತ್ತಾರೆ. ಗೋಡೆಗೆ ಅದರಷ್ಟು ಚಂದದ ಕಲ್ಲು ಇಲ್ಲ. ನೆಲಕ್ಕೆ ಬೇಡ. ಅದು ಮೆದು, ಟೈರು ತಿರುಗುವ ಕಡೆ ಸವೆಯುತ್ತದೆ, ನೀರು ಕುಡಿದು ಪಾಚಿ ಹಿಡಿಯುತ್ತದೆ. ವರ್ಷಕ್ಕೆ 3,500 ಮಿ.ಮೀ. ಮಳೆ ದಾಟುವ ಮಂಗಳೂರಿನಂಥ ಕಡೆ ಪಾಚಿಯೇ ದೊಡ್ಡ ಶತ್ರು. ಹಿಂದೆ ಮಳೆಗಾಲಕ್ಕೆ ಅಂಗಳಕ್ಕೆ ಸೋಗೆ ಹಾಸುತ್ತಿದ್ದರಲ್ಲ, ಕೆಸರಿಗೂ ಜಾರಿಕೆಗೂ ಅದು ನಮ್ಮ ಹಿರಿಯರು ಕಂಡುಕೊಂಡ ದಾರಿ. ಈಗ ಒರಟು ಬ್ಲಾಕು ಅಥವಾ ಒರಟು ಗ್ರಾನೈಟ್ ಹಾಕಿಸಿ, ಬಿಸಿಲು ಬೀಳುವ ಹಾಗೆ ಮೇಲಿನ ಕೊಂಬೆ ಸವರಿ.

ಪಾರ್ಕಿಂಗ್ ಟೈಲ್ಸ್ ಪೋರ್ಟಿಕೋ ಒಳಗೆ ಸರಿ, ಕೆಳಗೆ ಗಟ್ಟಿ ಕಾಂಕ್ರೀಟ್ ಇದ್ದರೆ. ತೆರೆದ ದಾರಿಗೆ ನಾನು ಹೇಳುವುದಿಲ್ಲ. ಟೈಲ್ ಕೆಳಗೆ ಎಲ್ಲಾದರೂ ಪೊಳ್ಳು ಉಳಿದರೆ ಕಾರು ಹತ್ತಿದ ಕೂಡಲೇ ಅಲ್ಲೇ ಒಡೆಯುತ್ತದೆ. ಹಾಕಿದ ಮೇಲೆ ಪ್ರತಿ ಟೈಲನ್ನೂ ನಾಣ್ಯದಿಂದ ತಟ್ಟಿ ಕೇಳಿ, ಡಬ್ ಡಬ್ ಅಂದರೆ ತೆಗೆಸಿ. ಡಾಂಬರು ಮನೆಗೆ ಬೇಡ, ಅಷ್ಟು ಸಣ್ಣ ಜಾಗಕ್ಕೆ ಒಳ್ಳೆಯ ಬಿಸಿ ಮಾಲು ತಂದು ರೋಲರ್ ಹೊಡೆಯುವವರು ಸಿಗುವುದಿಲ್ಲ. ಹುಲ್ಲು ಬೆಳೆಯುವ ತೂತಿನ ಬ್ಲಾಕು ನೋಡೋಕೆ ಚಂದ, ಆದರೆ ಕಾರು ದಿನವಿಡೀ ನಿಲ್ಲುವ ಕಡೆ ಹುಲ್ಲಿಗೆ ಬಿಸಿಲು ಎಲ್ಲಿಂದ ಬರಬೇಕು? ನೆಂಟರ ಕಾರು ಅಪರೂಪಕ್ಕೆ ನಿಲ್ಲುವ ಜಾಗಕ್ಕೆ ಮಾತ್ರ ಹಾಕಿಸಿ.

ದುಡ್ಡು ಕಡಿಮೆ ಇದ್ದರೆ ನನಗೆ ಬಹಳ ಇಷ್ಟದ ಒಂದು ದಾರಿ ಇದೆ, ಯಾಕೋ ಯಾರೂ ಹೇಳುವುದೇ ಇಲ್ಲ. ಪೂರ್ತಿ ಮುಚ್ಚದೆ ಚಕ್ರ ಹೋಗುವ ಕಡೆ ಎರಡು ಪಟ್ಟಿ ಮಾತ್ರ ಹಾಕಿಸಿ. ಒಂದೊಂದು ಪಟ್ಟಿ ಎರಡು ಅಡಿ ಅಗಲ, ಮಧ್ಯೆ ಮೂರು ಅಡಿ ಜಾಗ. ಮಧ್ಯೆ ಹುಲ್ಲು ಬಿಡಿ, ಇಲ್ಲವೇ ಅರ್ಧ ಇಂಚಿನ ಜಲ್ಲಿ ಹರಡಿ. ಹತ್ತು ಅಡಿ ಪೂರ್ತಿ ಮುಚ್ಚುವುದಕ್ಕೆ ಹೋಲಿಸಿದರೆ ಸಾಮಾನು ಅರ್ಧಕ್ಕಿಂತ ಕಡಿಮೆ, ಉಳಿದ ಜಾಗದ ನೀರು ಅಲ್ಲೇ ಇಂಗುತ್ತದೆ. ಹೊಂಗೆ ಮರವೋ ತೆಂಗಿನ ಮರವೋ ಪಕ್ಕದಲ್ಲಿದ್ದರೆ ಅದಕ್ಕೂ ನೀರು ಸಿಗುತ್ತದೆ. ನೇರ ದಾರಿಗೆ ಇದು ಸರಿ, ತಿರುವು ಇದ್ದರೆ ಪಟ್ಟಿ ಇನ್ನೂ ಅಗಲ ಮಾಡಬೇಕು.

ಅಂದಹಾಗೆ ರಂಗೋಲಿ. ಬ್ಲಾಕಿನ ಸಂದಿಗಳ ಮೇಲೆ ಎಳೆ ಕೂರುವುದಿಲ್ಲ, ಪುಡಿ ಸಂದಿಯೊಳಗೆ ಇಳಿದುಬಿಡುತ್ತದೆ. ನಮ್ಮ ಅಮ್ಮ ಮೊದಲ ದಿನವೇ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಸಲ ಹಾಕಿಸುವಾಗ ಗೇಟಿನ ಒಳಗೆ ನಾಲ್ಕು ಅಡಿಗೆ ಮೂರು ಅಡಿಯ ಒಂದೇ ಗ್ರಾನೈಟ್ ಹಲಗೆ ಕೂರಿಸಿದೆವು. ಈಗ ದಿನಾ ಬೆಳಿಗ್ಗೆ ಅದರ ಮೇಲೆ ಎಳೆ ನೇರವಾಗಿ ಬರುತ್ತದೆ. ನಿಮ್ಮ ಮನೆಯಲ್ಲಿ ರಂಗೋಲಿ ಹಾಕುವವರನ್ನು ಕೇಳಿ ಜಾಗ ಗುರುತು ಮಾಡಿ, ಆಮೇಲೆ ಕೆಲಸ ಶುರು ಮಾಡಿ.

ಹಂತ 5: ಬ್ಲಾಕು ಕೊಳ್ಳುವಾಗ

ಅಂಗಡಿಯಲ್ಲಿ ತೋರಿಸುವ ಸ್ಯಾಂಪಲ್ ನೋಡಿ ಹಣ ಕೊಡಬೇಡಿ, ಬ್ಲಾಕು ಮಾಡುವ ಜಾಗಕ್ಕೇ ಹೋಗಿ. ರಾಶಿಯ ಮಧ್ಯದಿಂದ ಎರಡು ಬ್ಲಾಕು ನೀವೇ ಎತ್ತಿ ಒಂದಕ್ಕೊಂದು ಬಡಿಯಿರಿ. ಟಣ್ ಅಂತ ಗಟ್ಟಿ ಸದ್ದು ಬರಬೇಕು. ಸದ್ದು ಮಂಕಾಗಿದ್ದರೆ ಸಿಮೆಂಟ್ ಕಡಿಮೆ ಅಥವಾ ಇನ್ನೂ ಕ್ಯೂರಿಂಗ್ ಆಗಿಲ್ಲ. ಒಂದನ್ನು ಒಡೆಸಿ ಒಳಗೆ ನೋಡಿ. ಜಲ್ಲಿ ಪುಡಿ ಬಿಗಿಯಾಗಿ ಕೂತಿರಬೇಕು, ತೂತು ತೂತು ಕಾಣಬಾರದು, ಉಗುರಿನಿಂದ ಕೆರೆದರೆ ಉದುರಬಾರದು. ಬಣ್ಣ ಮೇಲೆ ಕಾಗದದಷ್ಟು ತೆಳ್ಳಗಿದ್ದರೆ ಒಂದೆರಡು ವರ್ಷಕ್ಕೆ ಸವೆದು ಹೋಗುತ್ತದೆ.

ತಕ್ಕಡಿಯೂ ಸುಳ್ಳು ಹೇಳುವುದಿಲ್ಲ. 200×100 ಮಿ.ಮೀ. ಅಳತೆಯ, 60 ಮಿ.ಮೀ. ದಪ್ಪದ ಇಟ್ಟಿಗೆ ಆಕಾರದ ಬ್ಲಾಕು ಸುಮಾರು 2.8 ಕೆ.ಜಿ. ತೂಗಬೇಕು. 2.3 ಕೆ.ಜಿ. ಬಂದರೆ ದಪ್ಪ ಕಡಿಮೆ ಅಥವಾ ಒಳಗೆ ಪೊಳ್ಳು. ಟೇಪು ಹಿಡಿದು ಹತ್ತು ಬ್ಲಾಕಿನ ದಪ್ಪ ಅಳೆಯಿರಿ, 60 ಅಂತ ಹೇಳಿ 50 ಕೊಡುವುದು ಬಹಳ ಮಾಮೂಲಿ. ಈ ಅಳತೆಯ ಬ್ಲಾಕು ಒಂದು ಚದರ ಮೀಟರಿಗೆ 50 ಬೇಕು, ಅಂಚಿಗೆ ಕತ್ತರಿಸಿದ್ದು, ಒಡೆದದ್ದು ಅಂತ ನೂರಕ್ಕೆ ಐದು ಜಾಸ್ತಿ ತರಿಸಿ.

ಹಂತ 6: ಹಾಕಿಸುವಾಗ ನಿಂತು ನೋಡಿ

ಆ ದಿನ ರಜೆ ಹಾಕಿ. ಮುಚ್ಚಿದ ಮೇಲೆ ಕೆಳಗೇನಿದೆ ಅಂತ ಯಾರಿಗೂ ಕಾಣುವುದಿಲ್ಲ. ಮೊದಲು ಮೇಲ್ಮಣ್ಣು ತೆಗೆಸಬೇಕು, ಬೇರು ಕಸ ಎಲ್ಲ ಸಹಿತ. ಆ ನೆಲಕ್ಕೆ ನೀರು ಚಿಮುಕಿಸಿ ಯಂತ್ರದಲ್ಲಿ ದಿಮ್ಮಸು ಹೊಡೆಸಬೇಕು. ಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಪುಡಿ ಬೆರೆತ ವೆಟ್ ಮಿಕ್ಸ್ ನಾಲ್ಕರಿಂದ ಆರು ಇಂಚು, ಜೇಡಿ ಮಣ್ಣಾದರೆ ಎಂಟು. ಅದನ್ನೂ ಕುಟ್ಟಬೇಕು. ವಾಟ ಇಲ್ಲೇ ಬರಬೇಕು, ಮೇಲಿನ ಮರಳಿನಲ್ಲಿ ಹೆಚ್ಚು ಕಡಿಮೆ ಮಾಡಿ ವಾಟ ತರುತ್ತೇನೆ ಅಂದರೆ ಒಪ್ಪಬೇಡಿ. ಮರಳು ದಪ್ಪ ಇದ್ದ ಕಡೆ ನಾಳೆ ತಗ್ಗು ಬೀಳುತ್ತದೆ.

ಆಮೇಲೆ ಅಂಚು. ಎರಡೂ ಬದಿಗೆ ಕರ್ಬ್ ಕಲ್ಲನ್ನು ಕಾಂಕ್ರೀಟಿನಲ್ಲಿ ಕೂರಿಸಿ ಬಿಗಿ ಮಾಡಬೇಕು. ಅಂಚು ಇಲ್ಲದಿದ್ದರೆ ಚಕ್ರದ ಒತ್ತಡಕ್ಕೆ ಬ್ಲಾಕುಗಳು ದಿನಾ ಒಂದು ಕೂದಲೆಳೆಯಷ್ಟು ಹೊರಗೆ ಸರಿದು ಸಂದಿ ಬಿಡುತ್ತವೆ. ಅಂಚು ಗಟ್ಟಿಯಾದ ಮೇಲೆ ಒಂದರಿಂದ ಒಂದೂವರೆ ಇಂಚು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಹರಡಿ ಪಟ್ಟಿಯಿಂದ ಎಳೆಯಬೇಕು. ತೀರ ನುಣ್ಣನೆ ಕ್ರಷರ್ ಪುಡಿ ಬೇಡ, ಅದು ನೀರು ಹಿಡಿದು ಕೆಸರಾಗುತ್ತದೆ. ಇಟ್ಟಿಗೆ ಆಕಾರದ ಬ್ಲಾಕಾದರೆ ಮೀನಿನ ಮೂಳೆಯ ಹಾಗೆ ಓರೆ ಓರೆಯಾಗಿ ಜೋಡಿಸಿ, ಬ್ರೇಕ್ ಹಾಕಿದಾಗ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸಾಲಾಗಿ ಜೋಡಿಸಿದ್ದು ಬೇಗ ಸರಿಯುತ್ತದೆ. ಕೊನೆಗೆ ಒಣ ಮರಳು ಸುರಿದು ಗುಡಿಸಿ ಸಂದಿ ತುಂಬಿ, ಪ್ಲೇಟ್ ಯಂತ್ರ ಓಡಿಸಿ, ಮತ್ತೆ ಮರಳು, ಮತ್ತೆ ಯಂತ್ರ. ಸಂದಿಗೆ ಸಿಮೆಂಟ್ ಹಾಲು ಹಾಕಿಸಬೇಡಿ. ಅದು ಮೊದಲ ಟೈರಿಗೇ ಬಿರಿಯುತ್ತದೆ, ನೀರು ಇಂಗುವ ದಾರಿಯೂ ಮುಚ್ಚುತ್ತದೆ, ಬಿಚ್ಚಿ ಜೋಡಿಸುವ ಅನುಕೂಲವೂ ಹೋಗುತ್ತದೆ.

ದೀಪಾವಳಿ ಕಳೆದ ಮೇಲೆ ಯುಗಾದಿಯೊಳಗೆ ಈ ಕೆಲಸ ಇಟ್ಟುಕೊಳ್ಳಿ. ಮಳೆಯಲ್ಲಿ ಮರಳು ಒದ್ದೆಯಾದರೆ ಸಂದಿಗೆ ಇಳಿಯುವುದಿಲ್ಲ.

ಹಂತ 7: ದರ ಕೇಳುವ ರೀತಿ

"ಚದರ ಅಡಿಗೆ ಎಷ್ಟು?" ಅಂತ ಮಾತ್ರ ಕೇಳಿದರೆ ಎಲ್ಲರೂ ಬರೀ ಬ್ಲಾಕಿನ ದರ ಹೇಳುತ್ತಾರೆ. ಮಣ್ಣು ತೆಗೆಯುವುದು, ಆ ಮಣ್ಣು ಹೊರಗೆ ಸಾಗಿಸುವುದು, ವೆಟ್ ಮಿಕ್ಸ್ ಎಷ್ಟು ಇಂಚು, ಯಂತ್ರದ ಬಾಡಿಗೆ, ಕರ್ಬ್ ಕಲ್ಲು, ಎಂ ಸ್ಯಾಂಡ್, ಬ್ಲಾಕಿನ ದಪ್ಪ ಮತ್ತು ದರ್ಜೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮೂರು ಜನರಿಗೆ ಅದೇ ಹಾಳೆ ಕೊಟ್ಟು ದರ ಕೇಳಿ. ಆಗ ಅಗ್ಗ ಯಾಕೆ ಅಗ್ಗ ಅಂತ ಗೊತ್ತಾಗುತ್ತದೆ. ಬಣ್ಣಕ್ಕೆ, ಡಿಸೈನಿಗೆ ಬೇಕಾದರೆ ಕಡಿಮೆ ಮಾಡಿ. ಜಲ್ಲಿಗೂ ಅಂಚಿಗೂ ಕಡಿಮೆ ಮಾಡಬೇಡಿ. ಹಣದಲ್ಲಿ ಹತ್ತನೇ ಒಂದು ಭಾಗ ಒಂದು ಒಳ್ಳೆಯ ಮಳೆ ಬೀಳುವವರೆಗೆ ಇಟ್ಟುಕೊಳ್ಳುತ್ತೇನೆ ಅಂತ ಮೊದಲೇ ಹೇಳಿ ಬರೆಸಿಕೊಳ್ಳಿ. ಕೆಲಸ ಗೊತ್ತಿರುವ ಮೇಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಹಾಕಿದ ಮೇಲೆ

ಬ್ಲಾಕಿನ ಮೇಲೆ ಮೊದಲ ಕೆಲವು ತಿಂಗಳು ಬಿಳಿ ಪುಡಿ ಕಾಣಬಹುದು. ಸಿಮೆಂಟಿನೊಳಗಿನ ಉಪ್ಪು ಅದು, ಮಳೆಗೆ ತೊಳೆದು ಹೋಗುತ್ತದೆ, ಆಸಿಡ್ ಹಾಕಬೇಡಿ. ಪಾಚಿ ಕಂಡರೆ ಬ್ಲೀಚಿಂಗ್ ಪುಡಿ ನೀರಿಗೆ ಕಲಸಿ ಹಾಕಿ, ಅರ್ಧ ಗಂಟೆ ಬಿಟ್ಟು ಗಟ್ಟಿ ಬ್ರಶ್‌ನಿಂದ ಉಜ್ಜಿ ತೊಳೆಯಿರಿ. ಮಕ್ಕಳೂ ನಾಯಿಯೂ ಅತ್ತ ಬಾರದ ಹಾಗೆ ನೋಡಿಕೊಳ್ಳಿ, ಗಿಡಗಳಿಗೆ ಆ ನೀರು ಹರಿಯದಿರಲಿ. ಎಣ್ಣೆ ಬಿದ್ದರೆ ಕೂಡಲೇ ಮರದ ಹೊಟ್ಟು ಅಥವಾ ಬೂದಿ ಸುರಿದು ಹೀರಿಸಿ ಗುಡಿಸಿ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಸಂದಿಗಳಿಗೆ ಒಂದೆರಡು ಬಾಂಡ್ಲಿ ಒಣ ಮರಳು ಗುಡಿಸಿ ತುಂಬಿಸಿ.

ಮೇಸ್ತ್ರಿಗೆ ಕೊನೆಯ ಹಣ ಕೊಡುವ ಮುಂಚೆ ಪೋರ್ಟಿಕೋ ಹತ್ತಿರ ನಿಂತು ನಾಲ್ಕು ಬಕೆಟ್ ನೀರು ಸುರಿದು ನೋಡಿ. ನೀರು ಗೋಡೆ ಕಡೆ ತಿರುಗದೆ ಗೇಟಿನ ಜಾಲರಿಗೆ ಹೋಗಬೇಕು, ಕಾಲು ಗಂಟೆ ಆದ ಮೇಲೆ ಎಲ್ಲೂ ಕೊಳಚೆ ನಿಂತಿರಬಾರದು. ನಿಂತ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಅವತ್ತೇ ಎತ್ತಿ ಸರಿ ಮಾಡಿಸಿ. ಉಳಿದ ಬ್ಲಾಕುಗಳಲ್ಲಿ ಇಪ್ಪತ್ತನ್ನು ಮೆಟ್ಟಿಲ ಕೆಳಗೆ ಜೋಡಿಸಿಡಿ. ಮುಂದೆ ಪೈಪಿಗೆ ಅಂತ ಅಗೆದಾಗ ಒಂದೆರಡು ಒಡೆದೇ ಒಡೆಯುತ್ತವೆ, ಅದೇ ಬಣ್ಣದ್ದು ಅಂಗಡಿಯಲ್ಲಿ ಆಗ ಸಿಗುವುದಿಲ್ಲ.